ಗೇಟಿನಾಚೆಯ ಅಕ್ಕ

ಅಕ್ಕನ ಎತ್ತರ ನಾಲ್ಕೂ ಮುಕ್ಕಾಲಡಿ; ಬಟ್ಟೆಯಾಗಿದ್ದರೆ ತುಂಡು ಮಾಲಿನ ರಾಶಿಗೆ ಸೇರುವ ಅಳತೆ. ನಾಲಿಗೆ ಮಾತ್ರ ಪೂರ್ತಿ ಥಾನು, ಬಿಚ್ಚಿದಷ್ಟೂ ಉದ್ದ. ಹೊಟ್ಟೆಕಿಚ್ಚನ್ನು ಅಳೆಯುವ ಟೇಪು ಇದನ್ನು ಬರೆಯುತ್ತಿರುವ ಬಟ್ಟೆ ವ್ಯಾಪಾರಿಯ ಬಳಿ ಇಲ್ಲ.

ಅಕ್ಕ ತಂಗಿ ಇಬ್ಬರೂ ಹೊಲಿಗೆಯವರು. ತಂಗಿಯ ಮನೆ ಪೇಟೆಯಲ್ಲಿ, ಅಂಗಡಿಯ ಹಿಂದಿನ ಬೀದಿ. ಅಕ್ಕನದು ರೈಲ್ವೆ ಗೇಟಿನಾಚೆ. ವ್ಯಾಪಾರಿಯ ಬಾಯಲ್ಲಿ ಗೇಟಿನಾಚೆಯದೆಲ್ಲ ‘ಹೊರವಲಯ’. ಹೊರವಲಯಕ್ಕೆ ಕೊಡುತ್ತಿದ್ದದ್ದು ಪರದೆ, ದಿಂಬಿನ ಚೀಲ. ತಡವಾದರೂ ಯಾರೂ ಅಳದಂಥ ಮಾಲು. ಅಂಗಿಗಳೆಲ್ಲ ತಂಗಿಗೆ. ಕಾರ್ಖಾನೆಯೊಂದರ ನೂರಿಪ್ಪತ್ತು ಅಂಗಿಗಳೂ ತಂಗಿಯ ಪಾಲಾದಾಗ ಅಕ್ಕ ಅಂಗಡಿಗೇ ಬಂದಳು.

“ಅವಳ ಕೈಗೇನು ಚಿನ್ನ ಮೆತ್ಕೊಂಡಿದ್ಯಾ, ಯಜಮಾನ್ರೇ?”

“ನೀನು ಹೊರವಲಯದಲ್ಲಿದ್ದೀಯಲ್ಲಮ್ಮ. ಗೇಟು ಬಿತ್ತು ಅಂದ್ರೆ, ನಿನ್ನ ಅಂಗಿ ಬರೋ ಹೊತ್ತಿಗೆ ಹಾಕ್ಕೊಳ್ಳೋನಿಗೆ ವಯಸ್ಸಾಗಿರುತ್ತೆ.”

“ಎಲ್ಲಿಂದ ಹೊರಗೆ? ಆ ಕಾರ್ಖಾನೆ ನಮ್ಮನೆ ಎದುರಿಗೇ ಇದೆ. ಅವ್ರಿಗೆ ನೀವೇ ಹೊರವಲಯ.”

ವ್ಯಾಪಾರಿ ನಕ್ಕು ಅಂಗಿಯ ಬಟ್ಟೆಗೆ ಕತ್ತರಿ ಆಡಿಸಿದ. ಆಡಿಸಿದ್ದು ಕಾರ್ಖಾನೆಯ ಗುಮಾಸ್ತ ಕಳಿಸಿದ ಅಳತೆಪಟ್ಟಿ ನೋಡಿ. ಯಾರ ಮೈಗೂ ಟೇಪು ಹಿಡಿಯಲಿಲ್ಲ. ಅಲ್ಲಿಯವರು ದಿನವಿಡೀ ತಲೆಯ ಮೇಲಿನ ಸರಪಳಿ ಎಳೆಯುವವರು. ತೊಟ್ಟ ಮೊದಲ ದಿನವೇ ಕಂಕುಳಲ್ಲಿ ಅಂಗಿಗಳು ಹರಿದವು. ನೂರಿಪ್ಪತ್ತೂ ವಾಪಸು. ನಾಲ್ಕು ದಿನದಲ್ಲಿ ಸರಿಯಾಗದಿದ್ದರೆ ಬೇರೆ ಅಂಗಡಿ ನೋಡುತ್ತೇವೆಂದರು.

ವ್ಯಾಪಾರಿ ಮೂಟೆ ಹೊತ್ತು ಗೇಟು ದಾಟಿದ. ಅಕ್ಕನಿಗೆ ಒಳಗೊಳಗೇ ಸಕ್ಕರೆ ತಿಂದಷ್ಟು ಖುಷಿ. ಕನ್ನಡಕ ಏರಿಸಿ ಒಂದು ತೋಳು ಬಿಚ್ಚಿ ಹುಳುಕು ಹುಡುಕಿದಳು. ಇನ್ನೊಂದು ಬಿಚ್ಚಿದಳು. ಹೊಲಿಗೆ ಗೆರೆ ಎಳೆದಂತಿತ್ತು, ತನ್ನದಕ್ಕಿಂತ ನೇರ. ಹರಿದದ್ದು ಬಟ್ಟೆ, ಹೊಲಿಗೆಯಲ್ಲ. ಹೊಟ್ಟೆ ಇನ್ನಷ್ಟು ಉರಿಯಿತು.

“ಏನಮ್ಮ, ತಪ್ಪು ನಿನ್ನ ತಂಗೀದಾ?”

ಹೌದೆಂದರೆ ಸಾಕು, ಅಂಗಿಗಳೆಲ್ಲ ಇನ್ನು ತನಗೇ. ಅಕ್ಕ ದಾರದ ತುಂಡುಗಳನ್ನು ಮಡಿಲಿನಿಂದ ಒಂದೊಂದಾಗಿ ಆರಿಸಿದಳು.

“ತಪ್ಪು ನಿಮ್ಮ ಕತ್ತರೀದು. ಆ ಹಾಳಾದವಳ ಹೊಲಿಗೆ ಚೆನ್ನಾಗೇ ಇದೆ.”

ಕಾರ್ಖಾನೆಯ ಬಾಗಿಲಲ್ಲಿ ನಿಂತು ಪ್ರತಿಯೊಬ್ಬನ ಕೈ ಎತ್ತಿಸಿ ಅಳೆದಳು. ಪ್ರತಿ ಕಂಕುಳಿಗೂ ಒಂದು ಚೌಕದ ತುಂಡು ಸೇರಿಸಬೇಕು. ಒಬ್ಬಳಿಂದ ಮುಗಿಯುವ ಕೆಲಸವಲ್ಲ.

“ಅವಳನ್ನೂ ಕಳಿಸಿ,” ಎಂದಳು. “ಗೇಟಲ್ಲಿ ಕಾಯಲಿ, ಬಿಸಿಲು ತಾಗಲಿ ಸ್ವಲ್ಪ.”

ನಾಲ್ಕನೆಯ ದಿನ ಅಂಗಿಗಳು ಕಾರ್ಖಾನೆಗೆ ಹೋದವು. ತಂಗಿಯ ಹೊಲಿಗೆಯನ್ನು ಅಕ್ಕ ಈಗಲೂ ಕದ್ದು ನೋಡಿ ಮೂತಿ ತಿರುಗಿಸುತ್ತಾಳೆ.

ಆ ಕಾರ್ಖಾನೆ ಈ ವ್ಯಾಪಾರಿಯ ಕೈಲಿ ಉಳಿದದ್ದು ಅಕ್ಕನಿಂದ. ಅವನು ಇನ್ನೂ ಅವಳ ಕ್ಷಮೆ ಕೇಳಿಲ್ಲ, ಕೇಳಬೇಕು.