ಅಣ್ಣನಿಗೆಂದು ಮಾಡಿಸಿದ ಗಾಲಿ ಸ್ಟೂಲು

ಅಣ್ಣ ಕೊಟ್ಟ ಅಳತೆಯ ದಾರವನ್ನು ನಾನು ಆಚಾರಿಯ ಕೈಗೆ ಕೊಡಲಿಲ್ಲ. ನಾನು ಮಾಡಬೇಕಾಗಿದ್ದ ಕೆಲಸ ಅಷ್ಟೇ ಇತ್ತು. ಅದನ್ನು ಮಾಡದೆ ಅವನನ್ನೇ ಅವನ ಜಾಗದಿಂದ ಪಕ್ಕಕ್ಕೆ ಸರಿಸಿದೆ.

ಅಣ್ಣ ಮೋಟಾರ್ ಮೆಕ್ಯಾನಿಕ್. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಲ್ಲಿ ಒಬ್ಬ ಯಜಮಾನರ ಮನೆಯ ಕಾರ್ ಶೆಡ್ಡನ್ನು ಬಾಡಿಗೆಗೆ ಹಿಡಿದು ಕೆಲಸ ಮಾಡುತ್ತಿದ್ದ. ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ತಿಲಕ್ ನಗರದಲ್ಲಿ ಅಣ್ಣ ಅತ್ತಿಗೆಯ ಮನೆಯಲ್ಲೇ ಬೆಳೆದೆ, ಅವನ ಕೈ ನೋಡಿಯೇ ಕೆಲಸ ಕಲಿತೆ. ಇಂಜಿನ್ನಿನ ವಾಲ್ವಿನ ಸಂದು ಎಷ್ಟಿದೆ ಎಂದು ಅವನು ಬೆರಳಲ್ಲಿ ಅಲ್ಲಾಡಿಸಿಯೇ ಹೇಳುತ್ತಿದ್ದ. ಆಮೇಲೆ ನಾನು ಸಂದು ಅಳೆಯುವ ಗೇಜು ಹಾಕಿ ನೋಡಿದರೆ ಅಷ್ಟೇ ಇರುತ್ತಿತ್ತು.

ನನಗೆ ಇಪ್ಪತ್ತೆರಡು ವರ್ಷ ತುಂಬಿದ್ದರೂ ನನ್ನನ್ನು ಯಾರೂ ಮೆಕ್ಯಾನಿಕ್ ಎಂದು ಎಣಿಸಲಿಲ್ಲ. ಕಾರು ತಂದವರು ಒಳಗೆ ಇಣುಕಿ, "ದೊಡ್ಡೋರಿಲ್ವಾ? ನೀನು ಕೈ ಇಡ್ಬೇಡಪ್ಪ, ನಾಳೆ ಬರ್ತೀನಿ" ಎಂದು ಹೊರಟುಬಿಡುತ್ತಿದ್ದರು.

ಒಂದು ದಿನ ಜಾಕ್ ಜಾರಿ ಕಾರು ಅಣ್ಣನ ಬಲಗಾಲಿನ ಮೇಲೆ ಕೂತಿತು. ಮಂಡಿ ಒಡೆಯಿತು. ಮೂರು ತಿಂಗಳು ಅವನು ಮನೆಯಲ್ಲಿದ್ದ. ಆ ಮೂರು ತಿಂಗಳು ಶೆಡ್ಡು ನನ್ನದಾಗಿತ್ತು. ಬೇರೆ ದಾರಿಯಿಲ್ಲದೆ ಜನ ನನ್ನ ಕೈಗೇ ಕಾರು ಕೊಟ್ಟರು, ಕಾರು ಓಡಿತು, ಒಬ್ಬಿಬ್ಬರು ಶಹಬ್ಬಾಸ್ ಎಂದರು. ಆ ರುಚಿ ನನಗೆ ಹತ್ತಿತು.

ಡಾಕ್ಟರು ಅಣ್ಣನಿಗೆ, "ಇನ್ನು ಕುಕ್ಕರುಗಾಲಲ್ಲಿ ಕೂರೋದು ಮರ್ತುಬಿಡಿ" ಎಂದಿದ್ದರು. ನಮ್ಮ ಕೆಲಸವೆಲ್ಲ ಕುಕ್ಕರುಗಾಲಿನದೇ. ಆದರೆ ಅವನು ಎದೆಗುಂದಲಿಲ್ಲ. ಶೆಡ್ಡಿಗೆ ಬಂದವನೇ ಕಾರಿನ ಪಕ್ಕ ಇಟ್ಟಿಗೆ ಪೇರಿಸಿ ಅದರ ಮೇಲೆ ಕೂತ. ಒಂದು ಇಟ್ಟಿಗೆ ಕಡಿಮೆಯಾದರೆ ಎದ್ದೇಳಲು ಆಗುತ್ತಿರಲಿಲ್ಲ, ಒಂದು ಹೆಚ್ಚಾದರೆ ಚಕ್ರದ ನಟ್ಟು ಕೈಗೆ ಸಿಗುತ್ತಿರಲಿಲ್ಲ. ಮೂರು ದಿನ ಇಟ್ಟಿಗೆ ತೆಗೆದು, ಇಟ್ಟು, ಕೊನೆಗೆ ಅರ್ಧ ಇಟ್ಟಿಗೆ ಸೇರಿಸಿದಾಗ ಅವನ ಮುಖ ಅರಳಿತು. ನೆಲದಿಂದ ಅಷ್ಟೆತ್ತರಕ್ಕೆ ಹುರಿ ದಾರ ಹಿಡಿದು ಗಂಟು ಹಾಕಿದ. ಅದೇ ಅಳತೆಗೆ ಒಂದು ಗಾಲಿ ಸ್ಟೂಲು ಮಾಡಿಸಿಕೊಂಡು ಬಾ ಎಂದು ದಾರವನ್ನು ನನ್ನ ಕೈಗೆ ಕೊಟ್ಟ.

"ನೋಡು, ಎತ್ತರ ನೆಲದಿಂದ ಗಂಟಿನವರೆಗೆ. ಗಾಲಿನೂ ಸೇರಿ. ಆಚಾರ್ರಿಗೆ ಎರಡ್ ಸಲ ಹೇಳು. ಗಾಲಿ ಸುತ್ತಲೂ ತಿರುಗೋ ಅಂಥದ್ದಿರ್ಲಿ. ರಬ್ಬರ್ದು ಬೇಡ, ಆಯಿಲ್ ತಾಗಿದ್ರೆ ಉಬ್ಬುತ್ತೆ, ಕಬ್ಬಿಣದ್ದೇ ಆರಿಸು. ಮೂರು ಬೇಡ, ನಾಲ್ಕು. ಮೂರಾದ್ರೆ ಮಗುಚಿ ಇನ್ನೊಂದ್ ಕಾಲೂ ಹೋಗುತ್ತೆ" ಎಂದು ನಕ್ಕ.

ಗಾಲಿಯ ವಿಷಯದಲ್ಲಿ ನಾನು ಒಂದು ಮಾತನ್ನೂ ತಪ್ಪಲಿಲ್ಲ. ಮಾರ್ಕೆಟ್ಟಿನ ಗುಜರಿಯಲ್ಲಿ ರಾಶಿ ಕೆದಕಿ, ಒಂದೊಂದನ್ನೂ ಅಂಗೈ ಮೇಲೆ ತಿರುಗಿಸಿ ನೋಡಿ, ಅಲ್ಲಾಡದ, ಒಂದೇ ಎತ್ತರದ ನಾಲ್ಕನ್ನು ಆರಿಸಿದೆ. ಅಲ್ಲಿಂದ ಸಿದ್ದಾಪುರದ ಆಚಾರಿಯ ಹತ್ತಿರ ಹೋದೆ.

"ಯಾರಪ್ಪಾ ಕೂರೋದು?" ಎಂದು ಕೇಳಿದರು.

ದಾರ ಜೇಬಿನಲ್ಲಿತ್ತು. "ನಾನೇ" ಎಂದೆ.

ಆಚಾರಿ ಹಲಗೆಗಳನ್ನು ಜೋಡಿಸಿ ನನ್ನನ್ನು ಮೂರು ಸಲ ಕೂರಿಸಿ ನೋಡಿದರು. "ಕಾಲು ಮಡಚು. ಸ್ಪ್ಯಾನರ್ ಹಿಡಿದ ಹಾಗೆ ಕೈ ಚಾಚು. ಏನ್ ಅಳತೆ ಮಾರಾಯ, ಮದುವೆ ಗಂಡಿನ ಕೋಟಿಗೂ ಇಷ್ಟು ಅಳೆಯಲ್ಲ" ಎಂದು ತಮಾಷೆ ಮಾಡಿದರು. ನಾನೂ ನಕ್ಕೆ. ವಾಪಸ್ಸು ಬರುವಾಗ ದಾರವನ್ನು ಮೋರಿಗೆ ಎಸೆದೆ.

ವಾರದ ಮೇಲೆ ಸ್ಟೂಲು ಬಂತು. ಅಣ್ಣ ಅದನ್ನು ಕಾಲಿನಿಂದ ತಳ್ಳಿ, ಅದು ಸದ್ದಿಲ್ಲದೆ ತಿರುಗಿದ್ದು ನೋಡಿ ಖುಷಿಪಟ್ಟ. ಕೂತ. ಕೂತಾಗಲೇ ಹಲ್ಲು ಕಚ್ಚಿದ. ಏಳಲು ಆಗಲಿಲ್ಲ. ಕಂಕುಳಿಗೆ ಕೈ ಹಾಕಿ ನಾನೇ ಎತ್ತಿದೆ.

"ಕುಳ್ಳಾಯ್ತಲ್ಲೋ."

"ನೀನ್ ಹಾಕಿದ್ ಗಂಟಿಗೇ ಮಾಡ್ಸಿದ್ದು."

ಅವನು ಸ್ಟೂಲನ್ನೇ ನೋಡಿದ. "ಹೌದಾ? ಹಾಗಾದ್ರೆ ಗಂಟು ಹಾಕೋವಾಗ ದಾರ ಜಾರಿರ್ಬೇಕು" ಎಂದ.

"ಹಾಗೇ ಇರ್ಬೇಕು" ಎಂದೆ.

ಇನ್ನೊಂದು ಮಾಡಿಸೋಣ ಎಂದ. ಅಂಥ ಗಾಲಿ ಸಿಗುತ್ತಿಲ್ಲ ಎಂದು ನಾನು ವಾರ ವಾರ ಮುಂದೂಡಿದೆ. ಅಷ್ಟರಲ್ಲಿ ಆ ಸ್ಟೂಲಿನ ಮೇಲೆ ಕೂತು ಕಾರಿನ ಸುತ್ತ ಸುತ್ತುತ್ತಿದ್ದವನು ನಾನು. ಚಕ್ರ ಚಕ್ರಕ್ಕೂ ಇಟ್ಟಿಗೆ ಹೊತ್ತು ಪೇರಿಸಲು ಆ ಕಾಲಿನಲ್ಲಿ ಆಗದೆ ಅಣ್ಣ ಬಾಗಿಲ ಹತ್ತಿರದ ಕಲ್ಲಿನ ಮೇಲೆ ಕಾಲು ಚಾಚಿ ಕೂತು ಪ್ಲಗ್ಗು ಉಜ್ಜುತ್ತಿದ್ದ.

ಅವನ ಜಾಗ ಹೋದದ್ದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಅವನು ತನ್ನ ಕೈಯನ್ನು ನಂಬುವುದನ್ನು ಬಿಟ್ಟ. ವಾಲ್ವನ್ನು ಬೆರಳಲ್ಲಿ ಅಲ್ಲಾಡಿಸಿ, ಮತ್ತೆ ಅಲ್ಲಾಡಿಸುತ್ತಿದ್ದ. ಆಮೇಲೆ, "ಗೇಜ್ ಹಾಕಿ ನೋಡೋ, ನನಗ್ಯಾಕೋ ಗೊತ್ತಾಗ್ತಿಲ್ಲ" ಎನ್ನುತ್ತಿದ್ದ. ಬಂದವರ ಎದುರೇ ಹೀಗೆ ಹೇಳುತ್ತಿದ್ದ. ಅವರು ಕಾರನ್ನು ನನ್ನ ಹೆಸರು ಹೇಳಿ ಬಿಡತೊಡಗಿದರು. ನಾನು ಬೇಡವೆನ್ನಲಿಲ್ಲ.

ಮಳೆಗಾಲದ ಮೊದಲು ಶೆಡ್ಡಿನ ಬಾಗಿಲು ರಿಪೇರಿಗೆಂದು ಯಜಮಾನರು ಕರೆಸಿದ್ದು ಅದೇ ಆಚಾರಿಯನ್ನು. ಅವರು ನನ್ನನ್ನು ನೋಡಿದವರೇ, "ಏನಪ್ಪಾ ಮದುವೆ ಗಂಡು, ಸರಿಯಾಗಿ ಕೂತಿದ್ಯಾ? ಮೂರ್ ಸಲ ಕೂರ್ಸಿ ಅಳೆದಿದ್ದೀನಿ, ತಪ್ಪಾಗೋ ಮಾತೇ ಇಲ್ಲ" ಎಂದರು.

ಅಣ್ಣ ತಲೆಯೆತ್ತಿದ. "ಇವನ ಅಳತೆಗಾ ಮಾಡಿದ್ದು ಆಚಾರ್ರೇ? ದಾರ ಕೊಡ್ಲಿಲ್ವಾ?"

"ಯಾವ ದಾರ? ಕೂರೋನೇ ಮುಂದಿರೋವಾಗ ದಾರ ಯಾಕೆ?"

ಆಚಾರಿ ಹೋಗುವವರೆಗೂ ಅಣ್ಣ ಪ್ಲಗ್ಗು ಉಜ್ಜುತ್ತಲೇ ಇದ್ದ. ಆಮೇಲೆ ಅದನ್ನು ಬಟ್ಟೆಯಲ್ಲಿ ಒರೆಸಿ ಕೆಳಗಿಟ್ಟ. "ಇಷ್ಟು ದಿನ ನನ್ ಕೈನ ನಾನೇ ನಂಬ್ಲಿಲ್ವಲ್ಲೋ" ಎಂದ. ಬೈಯಲಿಲ್ಲ. ನಾನು ಗಾಲಿ ಸ್ಟೂಲಿನ ಮೇಲೆ ಕೂತೇ ಇದ್ದೆ, ಏಳಬೇಕೆಂದೂ ತೋಚಲಿಲ್ಲ.

ಮರುದಿನದಿಂದ ಅವನು ಶೆಡ್ಡಿಗೆ ಬರಲಿಲ್ಲ. ಜೆ.ಸಿ. ರೋಡಿನ ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಕೌಂಟರಿನ ಹಿಂದೆ ಕುರ್ಚಿಯ ಕೆಲಸ ಹಿಡಿದ. ಅವನ ಮುಖ ನೋಡಲಾಗದೆ ನಾನು ಹಾಸಿಗೆ ಸುತ್ತಿಕೊಂಡು ಶೆಡ್ಡಿಗೇ ಬಂದು ಬಿದ್ದೆ.

ಆಯುಧಪೂಜೆ ಬಂತು. ಶೆಡ್ಡು ತೊಳೆದು, ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ಸಾಲಾಗಿ ಜೋಡಿಸಿದೆ. ಪ್ರತಿ ವರ್ಷ ಅವಕ್ಕೆಲ್ಲ ಮೊದಲ ಕುಂಕುಮ ಇಡುತ್ತಿದ್ದವನು ಅಣ್ಣ. ಎಲ್ಲವೂ ಅವನು ಕೂಡಿಸಿದ ಸಾಮಾನು. ಕುಂಕುಮದಲ್ಲಿ ಬೆರಳು ಅದ್ದಿದೆ, ಒಂದಕ್ಕೂ ಇಡಲಾಗಲಿಲ್ಲ. ಕೈ ತೊಳೆದುಕೊಂಡು ತಿಲಕ್ ನಗರಕ್ಕೆ ನಡೆದೆ.

ಅತ್ತಿಗೆ ಬಾಗಿಲು ತೆಗೆದು, "ಬಾಪ್ಪಾ, ಅಂತೂ ಮನೆ ದಾರಿ ನೆನಪಾಯ್ತಾ?" ಎಂದರು. ತಟ್ಟೆಯಲ್ಲಿ ಕಡ್ಲೆಪುರಿ ತಂದಿಟ್ಟರು. ಅಣ್ಣ ಕಾಲು ಚಾಚಿಕೊಂಡು ಗೋಡೆಗೆ ಒರಗಿದ್ದ, ನನ್ನ ಕಡೆ ತಿರುಗಲಿಲ್ಲ.

"ಇವರು ಸ್ಟೂಲಿನ ಅಳತೆ ತಪ್ಪಾಗಿ ಕೊಟ್ಟು, ಆಮೇಲೆ ನಿನ್ನ ಮೇಲೇ ರೇಗಾಡಿದ್ರಂತೆ. ಅಣ್ಣ ಅಲ್ವಾ, ಒಂದ್ ಮಾತು ಅಂದ್ರು ಅಂತ ಮನೇನೇ ಬಿಡೋದಾ?" ಎಂದರು ಅತ್ತಿಗೆ.

ಅಣ್ಣ, "ಸುಮ್ನಿರೇ, ಅವನು ತಿನ್ಲಿ" ಎಂದ.

ಇಷ್ಟು ತಿಂಗಳೂ ಅವನು ಮನೆಯಲ್ಲಿ ತಪ್ಪನ್ನು ತನ್ನ ಮೇಲೆಯೇ ಹಾಕಿಕೊಂಡಿದ್ದ. ನಾನು ತಟ್ಟೆ ಪಕ್ಕಕ್ಕಿಟ್ಟು ಎದ್ದು ನಿಂತೆ. ಅತ್ತಿಗೆಗೆ ಕೇಳುವಂತೆ ಗಟ್ಟಿಯಾಗಿಯೇ ಹೇಳಿದೆ.

"ಅತ್ತಿಗೆ, ಅಣ್ಣನ ಅಳತೆ ಸರಿಯಾಗೇ ಇತ್ತು. ನಾನೇ ನನ್ನಳತೆಗೆ ಮಾಡಿಸ್ಕೊಂಡು ಸುಳ್ಳು ಹೇಳ್ದೆ. ಅಣ್ಣಾ, ನಿನ್ ಕೈ ಯಾವತ್ತೂ ತಪ್ಪಿಲ್ಲ. ನಿನ್ ಜಾಗದಲ್ಲಿ ನಾನ್ ಕೂರ್ಬೇಕು ಅಂತ ಹಾಗ್ ಮಾಡ್ದೆ. ತಪ್ಪಾಯ್ತಣ್ಣ, ಕ್ಷಮಿಸು."