ಗರಡಿ ಮಣ್ಣಿಗೆ ಕೊಟ್ಟ ಮಾತು

ಸಾಸ್ವೆಹಳ್ಳಿಯ ದುರುಗಪ್ಪನಷ್ಟು ನಿಯತ್ತಿನ ಪೈಲ್ವಾನನನ್ನು ನಾನು ಕಂಡಿಲ್ಲ. ಅಷ್ಟು ದಡ್ಡನನ್ನೂ ಕಂಡಿಲ್ಲ. ಕುಸ್ತಿ ಬಿಡುವತನಕ ಹೆಂಡತಿಯನ್ನು ಮುಟ್ಟುವುದಿಲ್ಲವೆಂದು ಗರಡಿಯ ಹನುಮಪ್ಪನ ಮುಂದೆ ಮಾತು ಕೊಟ್ಟು, ಮೂರು ವರ್ಷ ಗರಡಿಯಲ್ಲೇ ಮಲಗಿದ. ಹೆಂಗಸರು ಒಳಗೆ ಕಾಲಿಡುವಂತಿರಲಿಲ್ಲ. ಹೆಂಡತಿ ಗಿಡ್ಡಮ್ಮ ದಿನವೂ ರೊಟ್ಟಿಯ ಬುತ್ತಿಯನ್ನು ಬಾಗಿಲ ಹೊರಗಿಟ್ಟು ಹೋಗುತ್ತಿದ್ದಳು.

೧೯೩೮ರ ಬೇಸಿಗೆಯಲ್ಲಿ ನಮ್ಮ ಉಸ್ತಾದ್ ಗಾದ್ರಪ್ಪನ ತಾಯಿ ತೀರಿಕೊಂಡು, ಸೂತಕಕ್ಕೆಂದು ಗರಡಿ ಹನ್ನೊಂದು ದಿನ ಮುಚ್ಚಿತು; ಆಗಲೂ ದುರುಗಪ್ಪ ಮನೆಗೆ ಹೋಗದೆ ಅದರ ಜಗುಲಿಯಲ್ಲೇ ಮಲಗಿದ. ತೆರೆದ ದಿನವೇ, ತಪ್ಪಿದ ಸಾಧನೆಯನ್ನೆಲ್ಲ ತುಂಬಿಸಬೇಕೆಂದು ದುರುಗಪ್ಪ ಎರಡು ಸಾವಿರ ಬಸ್ಕಿ ಹೊಡೆದ. ನಡುವೆ ನೀರು ಕುಡಿದರೆ ಮೈ ಸಡಿಲವಾಗುತ್ತದೆಂಬುದು ಗರಡಿಯ ಕಟ್ಟಳೆ. ಒಂದು ಗುಟುಕೂ ಕುಡಿಯಲಿಲ್ಲ. ಮರುದಿನ ತೊಡೆ ಕಲ್ಲಾಗಿತ್ತು. ಮೂತ್ರ ಕಷಾಯದ ಬಣ್ಣಕ್ಕೆ ತಿರುಗಿತ್ತು.

ಗಾದ್ರಪ್ಪ ನೋಡಿದವನೇ, "ಧಾತು ಕೆಟ್ಟೈತೆ, ವೀರ್ಯ ಸೋರೈತೆ. ಮಾತು ಮುರಿದೀಯ. ಯಾವಳಲೇ ಅವಳು?" ಎಂದ. ದುರುಗಪ್ಪ ಹನುಮಪ್ಪನ ಆಣೆ ಇಟ್ಟ. ಯಾರೂ ಕೇಳಲಿಲ್ಲ. ನಾನೂ ಅದೇ ಗರಡಿಯವನು, ನಾನೂ ಮುಖ ತಿರುಗಿಸಿದೆ; ಆ ನಾಚಿಕೆ ಇನ್ನೂ ಹೋಗಿಲ್ಲ. ಸಂಜೆಯೊಳಗೆ ಅವನ ಚಾಪೆ ಬೀದಿಗೆ ಬಿತ್ತು. ಅದೇ ವಾರ ಗಿಡ್ಡಮ್ಮ ಸೊಕ್ಕೆಯ ತವರಿಗೆ ಹೋದಳು.

ಹೇಳಿಕೊಳ್ಳಲು ಬೇರೆ ಯಾರೂ ಇಲ್ಲದೆ, ದುರುಗಪ್ಪ ಎತ್ತಿನ ಔಷಧಿಗೆ ಹೊನ್ನಾಳಿಗೆ ಹೋದಾಗ ದನದ ಡಾಕ್ಟರ ಮುಂದೆ ಬಾಯಿಬಿಟ್ಟ. ಅವರು ನಕ್ಕರು. "ಗಾಡಿ ಕುದುರೆ ವಾರಗಟ್ಟಲೆ ಲಾಯದಾಗೆ ನಿಂತು ಒಮ್ಮೆಗೇ ಓಡಿದ್ರೆ ಹಿಂಗೇ ಆಗ್ತೈತೆ. ಮಾಂಸಖಂಡ ಒಡೆದು, ಅದರ ಬಣ್ಣ ರಕ್ತಕ್ಕೆ ಸೇರಿ ಉಚ್ಚೇಲಿ ಇಳಿಯುತ್ತೆ. ಹೆಂಗಸಿಗೂ ಇದಕ್ಕೂ ಏನೂ ಸಂಬಂಧ ಇಲ್ಲಪ್ಪ. ನೀರು ಕುಡಿ."

ಇದನ್ನು ಗರಡಿಗೆ ಹೋಗಿ ಹೇಳಿದರೆ ಗಾದ್ರಪ್ಪ, "ನೀನೇನು ಕುದುರೇನಾ?" ಎಂದು ಬಾಗಿಲು ಹಾಕಿಕೊಂಡ.

ದುರುಗಪ್ಪ ಜಗಳೂರು ದಾಟಿ ಸೊಕ್ಕೆಗೆ ಹೋದ. ಜಗುಲಿಯ ಕೆಳಗೆ ನಿಂತೇ ಡಾಕ್ಟರ ಮಾತನ್ನೆಲ್ಲ ಒಪ್ಪಿಸಿ, "ನೀನಾದ್ರೂ ನಂಬು" ಎಂದ.

"ಮೊದಲ ದಿನಾನೇ ನಂಬಿದ್ದೆ" ಎಂದಳು ಗಿಡ್ಡಮ್ಮ. "ಅದಕ್ಕೇ ಬಂದುಬಿಟ್ಟೆ. ಯಾವಳೋ ಒಬ್ಬಳು ಇದ್ದಿದ್ರೆ ಜಗಳ ಆಡಿ ನಿಮ್ಮನ್ನ ಬಿಡಿಸ್ಕೊಂಡು ಬರ್ತಿದ್ದೆ. ಆ ಗರಡಿ ಮಣ್ಣಿನ ಕೂಡೆ ಹೆಂಗೆ ಜಗಳ ಆಡಾಕಾಗ್ತೈತೆ? ನಾಳೆ ಉಸ್ತಾದ್ರು ಕರೆದ್ರೆ ಹೋಗಲ್ಲ ಅಂತ ಹೇಳ್ರಿ, ಈಗಲೇ ಬರ್ತೀನಿ."

ನಿಯತ್ತಿನ ಮನುಷ್ಯ, ಸುಳ್ಳು ಹೇಳಲು ಬರಲಿಲ್ಲ. ಅವಳು ಒಂದು ಚೊಂಬು ನೀರು ಕೊಟ್ಟಳು. ಪೂರ್ತಿ ಕುಡಿದು ಹೊರಟ.

ಇದನ್ನು ಅವನು ನನಗೆ ಹೇಳಿದ್ದು ೧೯೪೬ರಲ್ಲಿ, ಅವನ ಮನೆಯಲ್ಲಿ, ತಾನೇ ಸುಟ್ಟ ರೊಟ್ಟಿ ಕೊಡುತ್ತಾ. ಗಾದ್ರಪ್ಪ ಕೊನೆಗೂ ಅವನನ್ನು ಕರೆದಿರಲಿಲ್ಲ.