ಕ್ಯಾಲ್ಕುಲೇಟರಿನಲ್ಲಿ ಹೇಳುವ ಬೆಲೆ

ಸಿಯೋಲ್ ನಗರದ, ಫೋನ್ ಅಂಗಡಿಗಳೇ ತುಂಬಿದ ಮಾಲೊಂದರಲ್ಲಿ ಪ್ಯೋ ಜೊಂಗ್‌ಹೊ ವರ್ಷಗಟ್ಟಲೆ ಫೋನ್ ಮಾರಿದ. ಬೆಲೆಯನ್ನು ಬಾಯಿಬಿಟ್ಟು ಹೇಳಿದ್ದು ಮಾತ್ರ ಒಂದೇ ಸಲ.

ಅಲ್ಲಿನ ವ್ಯಾಪಾರವೇ ಹಾಗೆ. ದುಬಾರಿ ಫೋನ್ ತಯಾರಿಸುವವರು ಬೆಲೆ ಇಳಿಸುವವರಲ್ಲ. ಇಳಿಸಿದರೆ ಮರ್ಯಾದೆಗೆ ಕುಂದಂತೆ. ಅಷ್ಟು ದುಡ್ಡು ಸುರಿದು ಕೊಳ್ಳುವ ಜನವಾದರೂ ಎಲ್ಲಿದ್ದಾರೆ? ಹಾಗಾಗಿ, ಎರಡು ವರ್ಷ ತಮ್ಮದೇ ಸಿಮ್ ಇಟ್ಟುಕೊಳ್ಳಬೇಕೆಂದು ಗಿರಾಕಿಯಿಂದ ಬರೆಸಿಕೊಂಡು ಸಿಮ್ ಕಂಪನಿಗಳು ಬೆಲೆಯಲ್ಲಿ ಒಂದಿಷ್ಟು ತಾವು ಭರಿಸುತ್ತಿದ್ದವು. ಕಾನೂನು ಅದಕ್ಕೆ ಮಿತಿ ಹಾಕಿದ ಮೇಲೆ, ಮಿತಿ ಮೀರಿದ ರಿಯಾಯಿತಿಯನ್ನು ಅಂಗಡಿಯವರ ಕೈಯಿಂದ ಗುಟ್ಟಾಗಿ ಕೊಡಿಸತೊಡಗಿದವು. ಸಿಕ್ಕಿಬಿದ್ದರೆ ಕಂಪನಿ ದಂಡ ಕಟ್ಟಿ ಮೈ ಕೊಡವಿಕೊಳ್ಳುತ್ತದೆ, ಅಂಗಡಿಗೆ ಬೀಗ ಬೀಳುತ್ತದೆ. ಎಂಥ ನ್ಯಾಯ! ಗಿರಾಕಿಗಳಂತೆ ಬಂದು, ಮಾತು ರೆಕಾರ್ಡ್ ಮಾಡಿ, ದೂರು ಕೊಟ್ಟು ಬಹುಮಾನ ಹೊಡೆಯುವವರೂ ಇದ್ದರು. ಅದಕ್ಕೇ ಬೆಲೆಯನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸುವುದು, ಗಿರಾಕಿ ಸುಮ್ಮನೆ ತಲೆಯಾಡಿಸುವುದು.

ಒಂದು ಮಧ್ಯಾಹ್ನ ಮೀನು ಮಾರುವ ಮಾ ಬುನ್‌ಸುನ್ ಅಜ್ಜಿ ಬಂದಳು. ಕಾಲೇಜು ಸೇರಿದ ಮೊಮ್ಮಗಳಿಗೆ ದೊಡ್ಡ ಫೋನೇ ಬೇಕಂತೆ. ಜೊಂಗ್‌ಹೊ ಒತ್ತಿ ತೋರಿಸಿದ.

"ಕಣ್ಣಿಗೆ ಪೊರೆ ಬಂದಿದೆ ಮಗಾ, ಕಾಣ್ಸಲ್ಲ. ಬಾಯಲ್ಲಿ ಹೇಳು."

"ಇನ್ನೊಂದ್ಸಲ ನೋಡಿ ಅಮ್ಮಾ."

"ನೋಡಿದ್ರೆ ಕಾಣ್ಸುತ್ತೇನೋ? ಬಡವಿ ಅಂತ ಆಟ ಆಡಿಸ್ತೀಯಾ?"

ಜೊಂಗ್‌ಹೊ ಅತ್ತಿತ್ತ ನೋಡಿದ. ಬಗ್ಗಿ ಕಿವಿಯಲ್ಲಿ ಹೇಳಿದ: "ನಾಲ್ಕು ಲಕ್ಷ ವಾನ್."

"ನಾಲ್ಕೇ ಲಕ್ಷಾನಾ! ಎಲ್ಲಾ ಕಡೆ ಹತ್ತು ಲಕ್ಷ ಅಂದ್ರು! ನೂರ್ಕಾಲ ಬಾಳಪ್ಪಾ!"

ಮೀನು ಕೂಗಿ ಪಳಗಿದ ಗಂಟಲು, ಮಹಡಿಗೆಲ್ಲ ಕೇಳಿಸಿತು. ಪಕ್ಕದಲ್ಲಿ ಫೋನ್ ಕವರು ನೋಡುತ್ತಿದ್ದವನೊಬ್ಬ ತನ್ನ ಫೋನನ್ನು ಜೇಬಿಗಿಳಿಸಿ ಮೆಲ್ಲನೆ ಜಾಗ ಖಾಲಿ ಮಾಡಿದ.

ಆ ವಾರವೇ ಜೊಂಗ್‌ಹೊನ ಪರವಾನಗಿ ರದ್ದಾಯಿತು. ಅಂಗಡಿ ಹೋಯಿತು, ಅದಕ್ಕೆಂದು ಹೆಂಡತಿ ಮಾರಿದ್ದ ಒಡವೆಯೂ ಹೋದಂತಾಯಿತು. ಕೊನೆಗೆ ಅದೇ ಸಾಲಿನ ಇನ್ನೊಬ್ಬರ ಅಂಗಡಿಯಲ್ಲಿ ಸಂಬಳಕ್ಕೆ ನಿಂತ. ಮಾಲೀಕನ ಷರತ್ತು ಒಂದೇ: ಬೆಲೆ ಬಾಯಿಗೆ ಬಂದರೆ ಅವತ್ತೇ ಹೊರಗೆ.

ಚಳಿಗಾಲದಲ್ಲಿ ಅಜ್ಜಿ ಅವನನ್ನು ಕೇಳಿಕೊಂಡು ಬಂದಳು. ನಡೆದದ್ದೇನೂ ಅವಳಿಗೆ ಗೊತ್ತಿರಲಿಲ್ಲ. ಕಿತ್ತಳೆಯ ಚೀಲವನ್ನು ಗಾಜಿನ ಮೇಜಿನ ಮೇಲಿಟ್ಟಳು.

"ನಿಂಗೇ ತಂದಿದ್ದು, ತಿನ್ನು. ಈ ಸಲ ಫೋನು ಕಿರಿ ಮೊಮ್ಮಗನಿಗೆ. ಎಷ್ಟು, ಹೇಳು ಮಗಾ."

ಮಾಲೀಕ ಹಿಂದೆಯೇ ನಿಂತಿದ್ದ. ಜೊಂಗ್‌ಹೊ ಬೆಲೆ ಒತ್ತಿ ಕ್ಯಾಲ್ಕುಲೇಟರನ್ನು ಮುಂದಕ್ಕೆ ತಳ್ಳಿದ.

"ಕಾಣ್ಸಲ್ಲ ಅಂತ ಗೊತ್ತಲ್ಲ ನಿಂಗೆ?"

ಅವನು ತಲೆ ತಗ್ಗಿಸಿ, ಅದನ್ನೇ ಇನ್ನಷ್ಟು ಮುಂದಕ್ಕೆ ತಳ್ಳಿದ.

"ಓಹೋ, ಅವತ್ತು ಬಾಯಿತ್ತು. ಈಗ ದೊಡ್ಡ ಮನುಷ್ಯ ಆದೆ ಅನ್ನು."

ಅಜ್ಜಿ ತಡಕಾಡಿ ಕಿತ್ತಳೆಯ ಚೀಲ ಹುಡುಕಿ, ಎತ್ತಿಕೊಂಡು ಹೊರಟುಹೋದಳು.